ಸೊಸೆಯ ಮಾತು ಕೊನೆಗೆ ಬಂತು

ಗಣಿತದ ಟೀಚರು ಪರೀಕ್ಷೆಯ ಪೇಪರು ಮನೆಗೆ ತಂದರೆ ಒಂದು ಕಣ್ಣು ಒಲೆಯ ಮೇಲಿಟ್ಟು, ಸಾರಿಗೆ ಒಗ್ಗರಣೆ ಹಾಕುತ್ತಲೇ ತಿದ್ದಿ ಮುಗಿಸಬಹುದು. ಕನ್ನಡದ ಟೀಚರಿಗೆ ಆ ಭಾಗ್ಯವಿಲ್ಲ, ಅವಳು ಓದಲೇಬೇಕು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಮೇಲೆ ಕನಿಕರ ತೋರಿಸುತ್ತಿದ್ದರು. ನಾನೂ ಮುಖ ಸಣ್ಣದು ಮಾಡಿಕೊಂಡು ಆ ಕನಿಕರವನ್ನು ಸ್ವೀಕರಿಸುತ್ತಿದ್ದೆ. ಈಗ ನಿವೃತ್ತಳಾಗಿ ಚಿಕ್ಕಬಳ್ಳಾಪುರದಲ್ಲಿ ಕೂತಿದ್ದೇನೆ, ನಿಜ ಹೇಳಲು ಭಯವಿಲ್ಲ. ಕೆಲಸಕ್ಕೆ ಸೇರಿದ ಮೊದಲ ಎಷ್ಟೋ ವರ್ಷ ನಾನೂ ಒಗ್ಗರಣೆ ಹಾಕುತ್ತಲೇ ತಿದ್ದಿದೆ. ನಲವತ್ತು ಮಕ್ಕಳು ಬರೆದಿದ್ದರೂ ಓದಬೇಕಾದ ಉತ್ತರ ಒಂದೇ ಇರುತ್ತಿತ್ತು. ಅದೂ ನಾನೇ ಬೋರ್ಡಿನ ಮೇಲೆ ಬರೆಸಿದ್ದು.

ಆಗ ನಾನಿದ್ದದ್ದು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ. ಇದೆಲ್ಲ ಕೋಲಾರ ಜಿಲ್ಲೆಯಾಗಿದ್ದ ಕಾಲ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಏಳನೆಯ ತರಗತಿಗೂ ಪಬ್ಲಿಕ್ ಪರೀಕ್ಷೆ ಇದ್ದುದರಿಂದ ಮಕ್ಕಳಿಗಿಂತ ನಮಗೇ ಹೆಚ್ಚು ಹೆದರಿಕೆ. ಯಾವ ಪದ್ಯವಿರಲಿ, ಯಾವ ಪಾಠವಿರಲಿ, ಮೊದಲು ಕವಿ ಪರಿಚಯ: ಇಂಥ ಇಸವಿಯಲ್ಲಿ ಇಂಥಲ್ಲಿ ಜನಿಸಿದರು, ಇಂಥ ಪ್ರಶಸ್ತಿ ಬಂತು. ಆಮೇಲೆ ಸಾರಾಂಶ. ಕೊನೆಗೆ ‘ಕವಿಗಳು ಬಹಳ ಮನೋಜ್ಞವಾಗಿ ವರ್ಣಿಸಿದ್ದಾರೆ’ ಎಂಬ ಒಂದು ಮಂಗಳಾರತಿ. ಪೇಟೆಯ ಅಂಗಡಿಯಲ್ಲಿ ಸಿಗುವ ಗೈಡಿನಲ್ಲೂ ಅದೇ, ನನ್ನ ನೋಟ್ಸಿನಲ್ಲೂ ಅದೇ. ಒಬ್ಬ ಹುಡುಗ ‘ಮನೋಜ್ಞ’ ಎನ್ನುವ ಜಾಗದಲ್ಲಿ ‘ಮನೆ ಯಜ್ಞ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿದೆನೇ ಹೊರತು, ಅವನಿಗೆ ಆ ಪದ ಗೊತ್ತೇ ಇಲ್ಲವಲ್ಲ, ಗೊತ್ತಿಲ್ಲದ ಪದದಿಂದ ಕವಿಯನ್ನು ಹೊಗಳುತ್ತಿದ್ದಾನಲ್ಲ ಎಂದು ಯೋಚಿಸಲಿಲ್ಲ.

ತಮಾಷೆ ನೋಡಿ, ಆ ಹಳ್ಳಿ ಇದ್ದದ್ದು ಡಾ. ಎಚ್. ನರಸಿಂಹಯ್ಯನವರ ತಾಲ್ಲೂಕಿನಲ್ಲಿ. ಅವರು 1920ರಲ್ಲಿ ಹುಟ್ಟಿದ ಹೊಸೂರು ಅಲ್ಲಿಂದ ದೂರವೇನಲ್ಲ. ಬಡತನದಲ್ಲಿ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಏನನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನವಿಡೀ ಹೇಳಿಕೊಂಡು ಬಂದವರು ಅವರು. ಅವರ ವಿಷಯ ನಾನು ಮಕ್ಕಳಿಗೆ ಅಭಿಮಾನದಿಂದ ಹೇಳುತ್ತಿದ್ದೆ. ಹೇಳಿ ಮುಗಿಸಿ, ‘ಈಗ ಇದನ್ನು ಹತ್ತು ವಾಕ್ಯದಲ್ಲಿ ಬರೆದುಕೊಳ್ಳಿ’ ಎಂದು ಬೋರ್ಡಿನ ಕಡೆ ತಿರುಗುತ್ತಿದ್ದೆ. ಪ್ರಶ್ನೆ ಮಾಡಬೇಕು ಎನ್ನುವುದನ್ನೂ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು.

ಚಿಂತಾಮಣಿಗೆ ವರ್ಗವಾದ ಮೇಲೆ ನನ್ನ ಈ ನೆಮ್ಮದಿಗೆ ಭಂಗ ಬಂತು. ಆ ಕಡೆ ಎಷ್ಟೋ ಮನೆಗಳಲ್ಲಿ ತೆಲುಗಿನ ಮಾತು. ಹತ್ತಿರದ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು, ಆ ಮಣ್ಣೇ ಹಾಗೆ. ನನ್ನ ತರಗತಿಯಲ್ಲಿ ಮಕ್ಕಳು ಆಟದ ಬಯಲಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದರು. ಪೆನ್ನು ಹಿಡಿದೊಡನೆ ಮೂಕರು. ಕನ್ನಡ ಬರುವುದಿಲ್ಲವೆಂದಲ್ಲ. ಬರೆಯುವ ಕನ್ನಡ ಎಂದರೆ ಗೈಡಿನ ಕನ್ನಡ, ಅದು ತಮ್ಮದಲ್ಲ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು.

ಒಂದು ಶನಿವಾರ ಪಠ್ಯಪುಸ್ತಕ ಬದಿಗಿಟ್ಟು ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದಿದೆ. ಮಾಸ್ತಿ ನಮ್ಮ ಆಗಿನ ಕೋಲಾರ ಜಿಲ್ಲೆಯವರೇ, ಮಾಲೂರು ತಾಲ್ಲೂಕು. ಅವರ ಮನೆಮಾತು ತಮಿಳು ಎಂದಾಗ ಹಿಂದಿನ ಬೆಂಚಿನಲ್ಲೊಂದು ಗುಸುಗುಸು ಎದ್ದಿತು. ಬೇಂದ್ರೆಯವರ ಮನೆಮಾತು ಮರಾಠಿ ಎಂದೆ. ಇಬ್ಬರಿಗೂ ಕನ್ನಡಕ್ಕೆ ಜ್ಞಾನಪೀಠ ಬಂತು, ಬೇಂದ್ರೆಯವರಿಗೆ 1973ರಲ್ಲಿ, ಮಾಸ್ತಿಯವರಿಗೆ 1983ರಲ್ಲಿ. ಕವಿ ಪರಿಚಯದ ಆ ಒಣ ಇಸವಿಗಳು ಮಕ್ಕಳ ಕಣ್ಣಿನಲ್ಲಿ ಮಿಂಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಥೆಯ ಬಗ್ಗೆ ಮೊದಲು ತೆಲುಗಿನಲ್ಲೇ ಮಾತಾಡಿಕೊಳ್ಳಿ, ಬರೆಯುವಾಗ ಕನ್ನಡಕ್ಕೆ ಬನ್ನಿ ಎಂದೂ ಹೇಳಿದೆ.

ಕಥೆ ನಿಮಗೆ ಗೊತ್ತಿರುತ್ತದೆ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಂದು ವರ್ತನೆಗೆ ಮೊಸರು ಹಾಕುವವಳು. ಮೊಸರು ಕೊಳ್ಳುವ ಮನೆಯ ಗೃಹಿಣಿಯೇ ನಮಗೆ ಕಥೆ ಹೇಳುವಾಕೆ. ಮೊಮ್ಮಗನನ್ನು ಸೊಸೆ ನಂಜಮ್ಮ ಹೊಡೆದಳೆಂದು ಮಾತಿಗೆ ಮಾತು ಬೆಳೆದು, ಮಗ ಹೆಂಡತಿಯ ಕಡೆ ನಿಂತು, ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಆಮೇಲೆ ತನಗೆಂದು ಒಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಅವಳ ಕೈಯ ದುಡ್ಡಿನ ಮೇಲೆ ಕಣ್ಣಿಟ್ಟು ರಂಗಪ್ಪನೆಂಬ ಜೂಜುಗಾರ ಹಿಂದೆ ಬೀಳುತ್ತಾನೆ. ಕೊನೆಗೆ ಮೊಮ್ಮಗ ಅಜ್ಜಿಯ ಬಳಿ ಬರುತ್ತಾನೆ, ಮನೆ ಮತ್ತೆ ಒಂದಾಗುತ್ತದೆ, ನಂಜಮ್ಮನೇ ಮೊಸರು ಹೊತ್ತು ಬರತೊಡಗುತ್ತಾಳೆ.

ಓದಿ ಮುಗಿಸಿ, ‘ತಪ್ಪು ಯಾರದು?’ ಎಂದೆ. ತರಗತಿ ಮೀನಿನ ಸಂತೆಯಾಯಿತು. ‘ಅವ್ವದಿ ತಪ್ಪು ಲೇದು ಮಿಸ್’ ಎಂದು ಒಂದು ಗುಂಪು, ಸೊಸೆಯದು ತಪ್ಪಿಲ್ಲ ಎಂದು ಇನ್ನೊಂದು. ಮನೆಯಲ್ಲಿ ಅಜ್ಜಿ ಇದ್ದವರು ಒಂದು ಕಡೆ, ಅಮ್ಮನ ಕಣ್ಣೀರು ಕಂಡವರು ಒಂದು ಕಡೆ. ಆಗ ನಾನೊಂದು ನಿಯಮ ಹಾಕಿದೆ: ‘ಏನು ಬೇಕಾದರೂ ಹೇಳಿ. ಆದರೆ ಅದು ಕಥೆಯಲ್ಲಿ ಎಲ್ಲಿದೆ ಅಂತ ತೋರಿಸಬೇಕು. ನಿಮ್ಮ ಮನೆಯಲ್ಲಿ ನಡೆದದ್ದು ಸಾಕ್ಷಿಗೆ ಬರೋದಿಲ್ಲ.’ ಗದ್ದಲ ಅರ್ಧಕ್ಕೆ ಇಳಿಯಿತು. ಮಕ್ಕಳು ಪುಟ ಹುಡುಕತೊಡಗಿದರು.

ಹೀಗೆ ಮುಂದಿನ ವರ್ಷಗಳಲ್ಲಿ ನನಗೇ ಒಂದು ಕ್ರಮ ಸಿಕ್ಕಿತು. ಕಥೆಯನ್ನು ಎರಡು ಸಲ ಓದುವುದು, ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ. ಒಂದೇ ಒಂದು ಪ್ರಶ್ನೆ. ಮೊದಲ ವಾಕ್ಯ ‘ನನಗೆ ಹೀಗನ್ನಿಸುತ್ತದೆ’ ಎಂದಿರಬೇಕು, ಎರಡನೆಯದು ‘ಯಾಕೆಂದರೆ ಕಥೆಯಲ್ಲಿ’ ಎಂದು ಶುರುವಾಗಬೇಕು. ತನ್ನ ಮಾತಿಗೆ ವಿರುದ್ಧವಾದದ್ದೂ ಒಂದು ಕಥೆಯಲ್ಲಿ ಇದ್ದೇ ಇರುತ್ತದೆ, ಅದನ್ನು ಮುಚ್ಚಿಡದೆ ಬರೆಯಬೇಕು. ‘ಮನೋಜ್ಞ’, ‘ಅದ್ಭುತ’, ‘ಈ ಕಥೆಯ ನೀತಿ’ ಎಂಬ ಮೂರಕ್ಕೆ ಬಾಗಿಲು ಬಂದ್. ಪ್ರಬಂಧ ಎಂಬ ಮಾತು ಕೇಳಿದರೆ ಮಕ್ಕಳಿಗೆ ಕೈಕಾಲು ಕಟ್ಟಿ ಕೂರಿಸಿದಂತಾಗುತ್ತದೆ. ಫ್ರಾನ್ಸಿನ ಮೊಂತೇನ್ 1580ರಲ್ಲಿ ತನ್ನ ಬರಹಗಳಿಗೆ ಇಟ್ಟ ಹೆಸರಿನ ಅರ್ಥ ‘ಪ್ರಯತ್ನ’ ಎಂದಷ್ಟೇ ಎಂದು ಹೇಳಿದೆ. ‘ಹಾಗಾದ್ರೆ ತಪ್ಪಾದ್ರೂ ನಡೆಯುತ್ತಾ ಮಿಸ್?’ ಎಂದಳು ಒಬ್ಬಳು. ನಡೆಯುತ್ತದೆ, ಆದರೆ ಕಾರಣ ಕೊಟ್ಟು ತಪ್ಪಬೇಕು ಎಂದೆ.

ಚಿಂತಾಮಣಿಯ ಒಬ್ಬ ಹುಡುಗ ಆ ಮಖಮಲ್ಲಿನ ರವಿಕೆಯ ಬಗ್ಗೆಯೇ ಒಂದು ಪುಟ ಬರೆದ. ನಾನು ಅದುವರೆಗೆ ಆ ರವಿಕೆಯನ್ನು ವಯಸ್ಸಾದವಳ ಒಂದು ಸಣ್ಣ ಚಾಪಲ್ಯ ಎಂದು ಓದಿಕೊಂಡಿದ್ದೆ, ನಕ್ಕು ಮುಂದೆ ಹೋಗಿದ್ದೆ. ಅವನು ಬರೆದಿದ್ದ: ಮಂಗಮ್ಮ ದಿನಾ ಮೊಸರು ಮಾರಿದರೂ ದುಡ್ಡು ಮನೆಗೆ ಹೋಗುತ್ತಿತ್ತು, ಬೇರೆಯಾದ ಮೇಲೆ ಅದು ಅವಳ ಹತ್ತಿರವೇ ಉಳಿಯಿತು, ಅದಕ್ಕೇ ರವಿಕೆ ಬಂತು, ಅದಕ್ಕೇ ರಂಗಪ್ಪನೂ ಬಂದ. ಅವನ ಮನೆಯಲ್ಲಿ ಎರಡು ಸೀಮೆ ಹಸುಗಳಿದ್ದವು. ಡೇರಿಗೆ ಹಾಲು ಹಾಕುವ ಪುಸ್ತಕ ಅಜ್ಜಿಯ ಹೆಸರಲ್ಲಿರಬೇಕೋ ಅಮ್ಮನ ಹೆಸರಲ್ಲಿರಬೇಕೋ ಎಂಬ ಜಗಳ ಅವನು ಕೇಳಿ ಬೆಳೆದದ್ದು. ಮನೆಯದು ಸಾಕ್ಷಿಗೆ ಬರೋದಿಲ್ಲ ಎಂದು ನಾನು ಹೇಳಿದ್ದೆ ನಿಜ. ಆದರೆ ಕಥೆಯಲ್ಲಿ ಎಲ್ಲಿ ನೋಡಬೇಕು ಎಂದು ಅವನಿಗೆ ತೋರಿಸಿಕೊಟ್ಟದ್ದು ಆ ಮನೆಯೇ. ನೋಡಿದ ಮೇಲೆ ಅವನು ಸಾಕ್ಷಿ ಕೊಟ್ಟದ್ದು ಮಾಸ್ತಿಯವರ ಪುಟದಿಂದ. ಅತ್ತೆ ಸೊಸೆಯರ ಪ್ರೀತಿ ಜಗಳದ ಕಥೆ ಎಂದು ನಾವು ಹೇಳುವುದರ ಕೆಳಗೆ, ಮೊಸರಿನ ದುಡ್ಡು ಯಾರ ಸೆರಗಿನ ಗಂಟಿನಲ್ಲಿದೆ ಎಂಬ ಕಥೆಯೂ ಇದೆ. ಮೊಮ್ಮಗ ಅಜ್ಜಿಯ ಮಡಿಲಿಗೆ ಮರಳಿದ್ದರ ಹಿಂದೆ, ದುಡ್ಡು ರಂಗಪ್ಪನ ಪಾಲಾದೀತೆಂಬ ಸೊಸೆಯ ಭಯವೂ ಇತ್ತು. ಮಾಸ್ತಿ ಅದನ್ನು ಮುಚ್ಚಿಟ್ಟಿಲ್ಲ, ಹಾಗೆಂದು ಮಗುವಿನ ಅಕ್ಕರೆಯನ್ನು ಸುಳ್ಳು ಮಾಡಿಯೂ ಇಲ್ಲ. ಎರಡೂ ಒಂದೇ ಮನೆಯಲ್ಲಿರುತ್ತವೆ ಎಂಬುದು ಸಂಸಾರ ಮಾಡಿದವರಿಗೆಲ್ಲ ಗೊತ್ತು.

ಅಲ್ಲಿಂದ ಶಿಡ್ಲಘಟ್ಟಕ್ಕೆ ಬಂದೆ. ಶಿಡ್ಲಘಟ್ಟ ಎಂದರೆ ರೇಷ್ಮೆ. ಊರ ಕಡೆ ತಿರುಗಿದೊಡನೆ ಗೂಡು ಬೇಯಿಸುವ ವಾಸನೆ ಬಸ್ಸಿನೊಳಗೇ ಬಂದು ಸ್ವಾಗತಿಸುತ್ತದೆ. ಗೂಡಿನ ಮಾರುಕಟ್ಟೆಯ ಹರಾಜಿನ ದಿನ ತರಗತಿಯಲ್ಲಿ ಗಂಡುಮಕ್ಕಳು ಕಡಿಮೆ. ನೂಲು ಬಿಚ್ಚುವ ಮನೆಗಳಲ್ಲಿ ಕೆಲಸ ಜಾಸ್ತಿಯಾದರೆ ಹೆಣ್ಣುಮಕ್ಕಳು ಕಡಿಮೆ. ಹಾಗೆ ವಾರಕ್ಕೆರಡು ದಿನ ತಪ್ಪಿಸಿಕೊಳ್ಳುತ್ತಿದ್ದ ಒಬ್ಬ ಹುಡುಗಿ ಏಳನೆಯ ತರಗತಿಯಲ್ಲಿದ್ದಳು. ಬೆರಳ ತುದಿ ಬಿಸಿನೀರಿಗೆ ಬೆಂದು ಬಿಳಿಚಿಕೊಂಡಿರುತ್ತಿತ್ತು. ಬಾಯಿಬಿಟ್ಟು ಉತ್ತರ ಹೇಳಿದವಳಲ್ಲ.

ಮಂಗಮ್ಮನ ಕಥೆ ಕೊಟ್ಟ ವಾರ ಅವಳು ಬರೆದದ್ದು ಒಂಬತ್ತು ವಾಕ್ಯ. ಆ ನೋಟ್‌ಬುಕ್ಕು ನನ್ನ ಹತ್ತಿರ ಇವತ್ತಿಗೂ ಇದೆ, ಇದ್ದ ಹಾಗೆಯೇ ಕೊಡುತ್ತೇನೆ:

‘ನನಗೆ ನಂಜಮ್ಮನ ತಪ್ಪು ಪೂರ್ತಿ ಇಲ್ಲ ಅನ್ನಿಸುತ್ತದೆ. ಯಾಕೆಂದರೆ ಕಥೆಯಲ್ಲಿ ಮಂಗಮ್ಮ ಬಂದು ಬಂದು ಮಾತಾಡುತ್ತಾರೆ, ನಂಜಮ್ಮ ಕೊನೆಗೆ ಬರುತ್ತಾಳೆ. ಅಲ್ಲಿಯವರೆಗೆ ನಂಜಮ್ಮ ಕೆಟ್ಟವಳು ಎಂದು ನಮಗೆ ಹೇಳಿದ್ದು ಮಂಗಮ್ಮ ಒಬ್ಬರೇ. ಮೊಸರು ತಗೊಳ್ಳುವ ಅಮ್ಮನಿಗೆ ಮಂಗಮ್ಮ ಇಷ್ಟ, ಅದಕ್ಕೆ ಅವರು ನಂಬಿದರು. ನಾವೂ ನಂಬಿದೆವು. ಮಗುವಿಗೆ ಹೊಡೆದದ್ದು ತಪ್ಪು. ಆದರೆ ತನ್ನ ಮಗುವಿಗೆ ಬುದ್ಧಿ ಹೇಳುವುದಕ್ಕೂ ಅವಳಿಗೆ ಆ ಮನೆಯಲ್ಲಿ ಅಧಿಕಾರ ಇರಲಿಲ್ಲ. ನಂಜಮ್ಮ ಮಾತಾಡಿದ ಮೇಲೆ ಕಥೆಯನ್ನು ಮೊದಲಿಂದ ಇನ್ನೊಂದು ಸಲ ಓದಬೇಕು. ಸೊಸೆ ಮೊದಲು ಬಂದಿದ್ದರೆ ಇದು ಬೇರೆ ಕಥೆ ಆಗುತ್ತಿತ್ತು.’

ಆ ದಿನ ಒಲೆಯ ಮೇಲೆ ಒಗ್ಗರಣೆ ಸೀದು ಹೋಯಿತು.

ನಾನು ಎಂ.ಎ. ಓದಿದವಳು. ಮಾಸ್ತಿಯವರ ಸಮಾಧಾನದ ದೃಷ್ಟಿ, ಯಾರನ್ನೂ ದೂರದ ಅವರ ಸಜ್ಜನಿಕೆ ಎಂದೆಲ್ಲ ಪುಟಗಟ್ಟಲೆ ಬರೆದು ಪಾಸಾದವಳು. ಆ ಸಮಾಧಾನ ಕಥೆಯೊಳಗೆ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಮಾಸ್ತಿ ತಮ್ಮ ಎಷ್ಟೋ ಕಥೆಗಳನ್ನು ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿದಂತೆ ಹೇಳುತ್ತಾರೆ. ಇಲ್ಲಿ ಕೇಳುವವಳು ಒಬ್ಬ ಗೃಹಿಣಿ. ಅವಳು ತೀರ್ಪು ಕೊಡುವುದಿಲ್ಲ, ಮೊಸರು ಅಳೆಸಿಕೊಳ್ಳುತ್ತ ಕೇಳುತ್ತಾಳೆ. ಮೊದಲು ಅತ್ತೆಯ ಮಾತು ಕೇಳಿದಳು, ಕೊನೆಗೆ ಸೊಸೆಯ ಮಾತನ್ನೂ ಕೇಳಿದಳು. ಯಾರ ಮಾತು ಎಷ್ಟು ಹೊತ್ತು ಕೇಳಿಸಬೇಕು, ಯಾವುದು ಮೊದಲು ಬರಬೇಕು ಎನ್ನುವುದರಲ್ಲೇ ಕಥೆಗಾರರ ಜಾಣ್ಮೆಯೆಲ್ಲ ಇದೆ. ನಾವು ಮಂಗಮ್ಮನನ್ನು ಮೊದಲು ಕಂಡೆವು, ಆದ್ದರಿಂದ ಅವಳ ಪಕ್ಷ ಸೇರಿದೆವು. ಮಾಸ್ತಿ ನಮ್ಮನ್ನು ಸೇರಲು ಬಿಟ್ಟು, ಕೊನೆಗೆ ನಂಜಮ್ಮನನ್ನು ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ನಾನು ಇಪ್ಪತ್ತು ವರ್ಷ ಈ ಕಥೆ ಓದಿಯೂ ನಂಜಮ್ಮ ಬಂದದ್ದನ್ನು ಕಥೆ ಮುಗಿಯಿತು ಎಂಬುದರ ಗುರುತಾಗಿ ಮಾತ್ರ ನೋಡಿದ್ದೆ. ‘ನಿರೂಪಣೆ’ ಎಂಬ ಪದವೇ ಕೇಳದ ಹನ್ನೆರಡು ವರ್ಷದ ಹುಡುಗಿ ಕಥೆಯ ಹೊಲಿಗೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ್ದಳು.

‘ಹೇಗೆ ಹೊಳೀತಮ್ಮ ನಿನಗೆ?’ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಗೂಡು ಬೇಯಿಸಿದ ಮೇಲೆ ಮೇಲಿನ ಎಳೆಗಳೆಲ್ಲ ಸಿಕ್ಕು ಸಿಕ್ಕಾಗಿರ್ತವೆ ಮಿಸ್. ಅದನ್ನೆಲ್ಲ ತೆಗೆದು ತುದಿ ಸಿಗೋ ತನಕ ಹುಡುಕ್ಬೇಕು. ತುದಿ ಸಿಕ್ಕಿದ್ರೆ ಆಮೇಲೆ ಅದೇ ಬರುತ್ತೆ’ ಎಂದಳು. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ ಎಂದು ನನಗೆ ಗೊತ್ತಿತ್ತು, ವಿಜ್ಞಾನದ ಮೇಷ್ಟ್ರು ಹೇಳಿದ್ದರು. ಅದು ನನ್ನ ವಿಷಯಕ್ಕೂ ಸೇರಿದ್ದೆಂದು ಗೊತ್ತಿರಲಿಲ್ಲ. ಅಂದಿನಿಂದ ನನ್ನ ತರಗತಿಯಲ್ಲಿ ‘ಸಾರಾಂಶ ಬರೆಯಿರಿ’ ಹೋಗಿ ‘ತುದಿ ಹುಡುಕಿ’ ಬಂತು.

ಇಲ್ಲಿಗೆ ನಿಲ್ಲಿಸಿದರೆ ನಾನು ಬಹಳ ಒಳ್ಳೆಯ ಟೀಚರಾಗಿ ಕಾಣಿಸುತ್ತೇನೆ. ಮುಂದಿನದನ್ನೂ ಹೇಳಬೇಕು.

ಆ ವರ್ಷದ ಒಂದು ಪರೀಕ್ಷೆಯಲ್ಲಿ ‘ಗೋವಿನ ಹಾಡು’ ಬಂತು. ಪುಣ್ಯಕೋಟಿಯ ಗುಣವನ್ನು ವಿವರಿಸಿ, ನಾಲ್ಕು ಅಂಕ. ಈ ಹುಡುಗಿ ಬರೆದಿದ್ದಳು: ಪುಣ್ಯಕೋಟಿ ಮೊದಲಿಂದ ಕೊನೆಯವರೆಗೆ ಒಂದೇ ಥರ ಇದೆ, ಮಾತು ಕೊಟ್ಟಿತು, ಮಾತು ಉಳಿಸಿಕೊಂಡಿತು, ಬದಲಾದದ್ದು ಹುಲಿ, ಹಸುವಿನ ಗುಣ ಎಷ್ಟು ದೊಡ್ಡದು ಎಂದು ನಮಗೆ ಗೊತ್ತಾಗುವುದು ಹುಲಿ ಬದಲಾದದ್ದರಿಂದ, ಆದ್ದರಿಂದ ಇದು ಹುಲಿಯ ಹಾಡೂ ಹೌದು. ಪೇಪರು ತಿದ್ದಿದವರು ಬೇರೆ ಶಾಲೆಯವರು. ಸತ್ಯ, ತ್ಯಾಗ, ತಾಯ್ತನ, ಹೀಗೆ ಉತ್ತರಸೂಚಿಯಲ್ಲಿದ್ದ ಪದಗಳು ಇವಳ ಉತ್ತರದಲ್ಲಿ ಇರಲಿಲ್ಲ. ನಾಲ್ಕಕ್ಕೆ ಒಂದು ಬಂತು. ಪಕ್ಕದಲ್ಲಿ ‘ವಿಷಯಾಂತರ’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಅವರನ್ನು ದೂರಲು ನನಗೆ ಬಾಯಿಲ್ಲ. ಒಂದು ಕಟ್ಟು ಪೇಪರು, ಒಂದು ಸಂಜೆ, ಒಂದು ಒಲೆ. ಗೌರಿಬಿದನೂರಿನಲ್ಲಿ ನಾನು ಮಾಡಿದ್ದೂ ಅದನ್ನೇ. ಹುಡುಗಿ ಪೇಪರು ಹಿಡಿದು ಬಂದು, ‘ಮಿಸ್, ನೀವು ಹೇಳಿದ ಹಾಗೇ ಬರ್ದೆ’ ಎಂದಳು. ಅಷ್ಟೇ ಅಂದದ್ದು. ಮೊದಲೇ ಅವಳಪ್ಪನಿಗೆ ಓದು ಯಾಕೆ ಎಂಬ ಯೋಚನೆ. ಒಂದೊಂದು ಅಂಕವೂ ಆ ಮನೆಯಲ್ಲಿ ಅವಳ ಪರವಾಗಿ ವಾದಿಸಬೇಕಾದ ವಕೀಲ. ನಾನು ಹೆದರಿದೆ. ಮರುದಿನ ತರಗತಿಯಲ್ಲಿ, ‘ಇನ್ನು ಮೇಲೆ ಎರಡು ಬುಕ್ಕು. ಪರೀಕ್ಷೆಗೆ ಒಂದು, ನಮಗೆ ಒಂದು’ ಎಂದೆ. ಪರೀಕ್ಷೆಯ ಬುಕ್ಕಿನಲ್ಲಿ ಮತ್ತೆ ನನ್ನ ನೋಟ್ಸು, ಮತ್ತೆ ಮನೋಜ್ಞ. ವರ್ಷದ ಕೊನೆಯ ಎರಡು ತಿಂಗಳು ಆ ಇನ್ನೊಂದು ಬುಕ್ಕನ್ನು ನಾವು ತೆರೆಯಲೇ ಇಲ್ಲ. ಎಲ್ಲರೂ ಪಾಸಾದರು. ಹುಡುಗಿಗೂ ಒಳ್ಳೆಯ ಅಂಕ ಬಂತು. ಅವಳು ಮತ್ತೆ ಮೊದಲಿನ ಹಾಗೆ ಬಾಯಿ ಮುಚ್ಚಿಕೊಂಡಳು. ಶಾಲೆ ಬಿಟ್ಟು ಹೋಗುವ ದಿನ ಆ ಬುಕ್ಕನ್ನು ಕೇಳಿದೆ, ಕೊಟ್ಟಳು.

ಎರಡು ಬುಕ್ಕಿನ ಉಪಾಯ ತಪ್ಪೇ ಸರಿಯೇ ಎಂದು ಈಗಲೂ ಯೋಚಿಸುತ್ತೇನೆ. ಪರೀಕ್ಷೆಯ ಗೋಡೆ ದಾಟಿಸದೆ ಮಕ್ಕಳನ್ನು ಬಯಲಿಗೆ ಬಿಡುವುದು ಟೀಚರಿಗೆ ಸುಲಭ, ಬೀಳುವವರು ಮಕ್ಕಳು. ಆದರೆ ಪಾಸು ಮಾಡಿಸುವುದಷ್ಟೇ ಕೆಲಸವೆಂದು ಇನ್ನೊಂದು ಬುಕ್ಕನ್ನು ಮುಚ್ಚಿಟ್ಟದ್ದು ನನ್ನ ಹೇಡಿತನ. ವಾರಕ್ಕೊಂದು ಪೀರಿಯಡ್ ಸಾಕಾಗುತ್ತಿತ್ತು. ಹನ್ನೆರಡು ವರ್ಷದ ಹುಡುಗಿಯನ್ನು ‘ನಿನಗೇನನ್ನಿಸುತ್ತದೆ’ ಎಂದು ಕೇಳುವವರು ಅವಳ ದಿನದಲ್ಲಿ ಬೇರೆ ಯಾರಿದ್ದಾರೆ? ಕೇಳಿದ ಮೇಲೆ ‘ಯಾಕೆ’ ಎಂದು ಮತ್ತೆ ಕೇಳಿ, ಅವಳು ಕಾರಣ ಹುಡುಕಿ ತರುವ ತನಕ ಕಾಯುವವರು ಯಾರು? ಕಥೆಯ ಮೇಲೆ ಪ್ರಬಂಧ ಬರೆಸುವುದು ಸಾಹಿತಿಗಳನ್ನು ತಯಾರು ಮಾಡಲಿಕ್ಕೆ ಎಂದು ನಾನು ತಿಳಿದಿಲ್ಲ. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಂಡು, ತನಗನ್ನಿಸಿದ್ದನ್ನು ಕಾರಣ ಕೊಟ್ಟು ಹೇಳುವುದು ನಮ್ಮ ಮನೆಗಳಲ್ಲಿ ದಿನವೂ ಬೇಕಾಗುವ ವಿದ್ಯೆ, ಅಕ್ಕಿ ಆರಿಸಿದ ಹಾಗೆ.

ಆ ಹುಡುಗಿ ಪಿಯುಸಿವರೆಗೆ ಓದಿದಳು, ಮದುವೆಯಾಯಿತು ಎಂದು ಯಾರೋ ಹೇಳಿದರು. ಈಗ ಅವಳೂ ಒಂದು ಮನೆಯ ಸೊಸೆ. ಅವಳ ಮಾತು ಆ ಮನೆಯಲ್ಲಿ ಎಷ್ಟನೆಯದಾಗಿ ಕೇಳಿಸುತ್ತದೋ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಗೂ ಸೊಸೆ ಬಂದಿದ್ದಾಳೆ. ಕೆಲಸಕ್ಕೆ ಹೋಗುವ ಹುಡುಗಿ. ಮೊನ್ನೆ ಮೊಮ್ಮಗನನ್ನು ಗದರಿಸಿದಳೆಂದು ನನಗೆ ಸಿಟ್ಟು ಬಂತು. ಚಿಂತಾಮಣಿಯಲ್ಲಿರುವ ತಂಗಿಗೆ ಫೋನು ಮಾಡಿ ನನ್ನ ಕಡೆಯ ಕಥೆಯನ್ನು ವಿವರವಾಗಿ, ಮನೋಜ್ಞವಾಗಿಯೇ ಹೇಳಿದೆ. ಅವಳು ಮೊಸರು ಕೊಳ್ಳುವ ಅಮ್ಮನ ಹಾಗೆ ಎಲ್ಲವನ್ನೂ ನಂಬಿದಳು. ಫೋನಿಟ್ಟ ಮೇಲೆ ನಗು ಬಂತು. ಬೀರುವಿನಿಂದ ಆ ನೋಟ್‌ಬುಕ್ಕು ತೆಗೆದು ಒಂಬತ್ತು ವಾಕ್ಯವನ್ನೂ ಓದಿದೆ. ಸಂಜೆ ಸೊಸೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಕಾಫಿ ಕೊಟ್ಟು, ‘ಬೆಳಿಗ್ಗೆ ಏನಾಯ್ತಮ್ಮ, ನೀನು ಹೇಳು’ ಎಂದೆ.

ಅವಳು ಹೇಳಿದ್ದು ಬೇರೆಯೇ ಕಥೆ.